38 ಯುರೋ ಕೊಟ್ಟು ತಂದ ಹಟ್ಟಿ ವಾಸನೆ

ಈ ಸಲ ದೀಪಾವಳಿಗೆ ಊರಿಗೆ ಬಂದಾಗ ನನ್ನ ಜೇಬಿನಲ್ಲಿ ಒಂದು ಪುಟ್ಟ ಬಾಟಲಿ ಇತ್ತು. ಕಿರುಬೆರಳಿನಷ್ಟು ಉದ್ದ, ಬಾಯಿಯಲ್ಲಿ ಉರುಳುವ ಗುಂಡು. ಒಳಗೆ ಸೆಂಟಿನ ಎಣ್ಣೆ. ಮೇಲಿನ ಚೀಟಿಯಲ್ಲಿ ಇದ್ದದ್ದು ಇಷ್ಟೇ: ಒಣಹುಲ್ಲು, ತೊಗಲು, ಹಳೇ ಮರ, ಕುದುರೆ ಲಾಯ. ಮ್ಯೂನಿಕ್‌ನಲ್ಲಿ 38 ಯುರೋ ಕೊಟ್ಟು ತೆಗೆದುಕೊಂಡದ್ದು. ಇಷ್ಟು ಹೇಳಿದರೆ ನಮ್ಮೂರಿನವರು ಮುಂದಿನದ್ದು ಕೇಳದೆ ಎದ್ದು ಹೋಗುತ್ತಾರೆ ಅಂತ ಗೊತ್ತು. ಆದರೂ ಹೇಳುತ್ತೇನೆ.

ನಾನು ಉಡುಪಿ ಕಡೆಯ ಹಿರಿಯಡ್ಕದ ಹತ್ತಿರದವನು. ಒಂಬತ್ತು ವರ್ಷದಿಂದ ಜರ್ಮನಿಯಲ್ಲಿದ್ದೇನೆ. ಮನೆಯಲ್ಲಿ ಮೊದಲು ಆರು ದನ ಇದ್ದವು, ಈಗ ಎರಡು. ದನದ ಕೊಟ್ಟಿಗೆಗೆ ತುಳುವಿನಲ್ಲಿ ಕಿದೆ, ನಮ್ಮ ಕಡೆಯ ಕನ್ನಡದಲ್ಲಿ ಹಟ್ಟಿ. ಹೈಸ್ಕೂಲು ಮುಗಿಯುವವರೆಗೆ ಬೆಳಿಗ್ಗೆ ಸೆಗಣಿ ಬಾಚುವುದು, ಸೊಪ್ಪು ಹಾಕುವುದು ನನ್ನ ಕೆಲಸ. ಅದಾದ ಮೇಲೆ ಸ್ನಾನ, ಅದಾದ ಮೇಲೆ ಬಸ್ಸು. ಎಷ್ಟು ಸೋಪು ತಿಕ್ಕಿದರೂ ಉಗುರಿನ ಸಂದಿನಲ್ಲಿ ಸ್ವಲ್ಪ ಉಳಿಯುತ್ತಿತ್ತು. ಅದು ನಿಜವಾಗಿ ಉಳಿಯುತ್ತಿತ್ತೋ, ನನಗೆ ಹಾಗೆ ಅನಿಸುತ್ತಿತ್ತೋ ಗೊತ್ತಿಲ್ಲ. ಆದರೆ ಉಡುಪಿಯ ಕಾಲೇಜಿಗೆ ಸೇರಿದ ಮೊದಲ ವರ್ಷ ಬೆಂಚಿನ ತುದಿಯಲ್ಲಿ ಕೂತು, ಕೈ ಎರಡೂ ಡೆಸ್ಕಿನ ಕೆಳಗೆ ಇಟ್ಟುಕೊಂಡಿದ್ದು ಚೆನ್ನಾಗಿ ನೆನಪಿದೆ. ಒಬ್ಬ ಹುಡುಗ ಒಂದು ದಿನ "ಎಂತ ಮಾರಾಯ, ಹಾಲು ಕರೆದು ಬಂದದ್ದಾ?" ಅಂತ ಕೇಳಿದ. ತಮಾಷೆಗೇ ಕೇಳಿದ್ದು. ಮರುದಿನ ನಾನು ಮಾಡಿದ ಮೊದಲ ಕೆಲಸ ಅಂದರೆ ಬಸ್‌ಸ್ಟ್ಯಾಂಡ್ ಹತ್ತಿರದ ಫ್ಯಾನ್ಸಿ ಅಂಗಡಿಯಿಂದ ಒಂದು ಸೆಂಟ್ ಕೊಂಡದ್ದು. ನೀಲಿ ಬಾಟಲಿ. ಯಾವ ಹೂವಿನ ಪರಿಮಳವೂ ಅಲ್ಲ, ಯಾವ ಹಣ್ಣಿನದ್ದೂ ಅಲ್ಲ, ಸುಮ್ನೆ 'ಸೆಂಟಿನ' ಪರಿಮಳ. ಒಟ್ಟು ಹಟ್ಟಿಯದ್ದಲ್ಲ, ಅಷ್ಟು ಸಾಕಿತ್ತು.

ಮ್ಯೂನಿಕ್‌ನಲ್ಲಿ ನನ್ನ ಆಫೀಸಿನಲ್ಲಿ ಒಬ್ಬರು ಇದ್ದಾರೆ. ಅವರಿಗೆ ಸ್ವಂತ ಕುದುರೆ. ಊರ ಹೊರಗಿನ ಲಾಯದಲ್ಲಿ ಇಟ್ಟಿದ್ದಾರೆ, ಅದರ ಬಾಡಿಗೆಯೇ ತಿಂಗಳಿಗೆ ನೂರಾರು ಯುರೋ. ಕೆಲವು ದಿನ ಬೆಳಿಗ್ಗೆ ಕುದುರೆ ನೋಡಿಕೊಂಡು ಹಾಗೇ ನೇರವಾಗಿ ಆಫೀಸಿಗೆ ಬರುತ್ತಾರೆ. ಬೂಟಿನ ಅಂಚಿನಲ್ಲಿ ಹುಲ್ಲಿನ ಕಡ್ಡಿ. ಮೀಟಿಂಗ್ ರೂಮಿಗೆ ಬಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಯಾರೂ ಕುರ್ಚಿ ಆಚೆ ಎಳೆಯುವುದಿಲ್ಲ. "ಕುದುರೆ ಹೇಗಿದೆ?" ಅಂತ ಕೇಳುತ್ತಾರೆ! ನಾನು ಮೊದಲ ಸಲ ಇದನ್ನು ನೋಡಿದಾಗ ನನ್ನ ಕೈ ತನ್ನಷ್ಟಕ್ಕೇ ಮೇಜಿನ ಕೆಳಗೆ ಹೋಗಿತ್ತು. ಆ ದಿನ ನಾನು ಹಟ್ಟಿಗೂ ಹೋಗಿರಲಿಲ್ಲ, ಲಾಯಕ್ಕೂ ಹೋಗಿರಲಿಲ್ಲ.

ಅಲ್ಲಿಂದ ನನಗೆ ಈ ವಿಷಯದ ಹುಚ್ಚು ಹಿಡಿಯಿತು ಅನ್ನಬೇಕು. ಅಲ್ಲಿ ಫೆಬ್ರವರಿ, ಮಾರ್ಚ್‌ನಲ್ಲಿ ರೈತರು ಹೊಲಕ್ಕೆ ಸೆಗಣಿ ನೀರು ಸಿಡಿಸುತ್ತಾರೆ. ಟ್ರೈನಿನ ಕಿಟಕಿ ಹಾಕಿದ್ದರೂ ಒಳಗೆ ಬರುತ್ತದೆ. ಜನ ಮೂಗು ಸಿಂಡರಿಸಿ ನಗುತ್ತಾ ಅದಕ್ಕೆ 'ಲಾಂಡ್‌ಲುಫ್ಟ್' ಅನ್ನುತ್ತಾರೆ. ಹಳ್ಳಿ ಗಾಳಿ ಅಂತ. ಪಕ್ಕದ ಫ್ರಾನ್ಸಿನಲ್ಲಿ ಇದು ಇನ್ನೂ ಮುಂದೆ ಹೋಗಿದೆ. ಪೇಟೆಯಿಂದ ಹಳ್ಳಿಗೆ ಬಂದು ಮನೆ ಮಾಡಿಕೊಂಡವರು ಕೋಳಿ ಕೂಗು, ದನದ ಗಂಟೆ, ಗೊಬ್ಬರದ ನಾತ ಅಂತ ಕೋರ್ಟಿಗೆ ಹೋಗಲು ಶುರು ಮಾಡಿದರು. ಮೋರಿಸ್ ಅನ್ನುವ ಒಂದು ಹುಂಜದ ಮೇಲೆಯೇ ಕೇಸು ಬಿದ್ದು, 2019ರಲ್ಲಿ ಹುಂಜವೇ ಗೆದ್ದಿತು. ಕೊನೆಗೆ 2021ರ ಜನವರಿಯಲ್ಲಿ ಹಳ್ಳಿಯ ಸದ್ದು, ವಾಸನೆ ಎರಡೂ ಆ ಊರಿನ ಆಸ್ತಿ ಅಂತ ಒಪ್ಪುವ ಕಾನೂನು ಮಾಡಿದರು. ಇತ್ತ ಹಿರಿಯಡ್ಕದ ಕಡೆ, ನಮ್ಮ ಪಕ್ಕದ ಊರಿನಲ್ಲಿ ಹೊಸದಾಗಿ ಮನೆ ಕಟ್ಟಿಸಿದವರೊಬ್ಬರು ನಲವತ್ತು ವರ್ಷದಿಂದ ಅಲ್ಲೇ ಇರುವ ಹಟ್ಟಿಯ ಮೇಲೆ ದೂರು ಕೊಟ್ಟರು. ಗೊಬ್ಬರದ ಗುಂಡಿ ಬೇರೆ ಕಡೆ ಮಾಡಬೇಕಾಗಿ ಬಂದದ್ದು ಹಟ್ಟಿಯವರಿಗೇ.

ಈಗ ಎಣ್ಣೆಯ ವಿಷಯ.

ಆಲ್ಕೊಹಾಲ್ ಹಾಕಿದ ಸ್ಪ್ರೇಯ ಹಾಗೆ ಇದು ಕೋಣೆ ತುಂಬಾ ಹಾರುವುದಿಲ್ಲ. ಮೈಗೆ ಅಂಟಿಕೊಂಡು ನಿಧಾನಕ್ಕೆ ಬಿಡುತ್ತದೆ. ಹತ್ತಿರ ಬಂದವರಿಗೆ ಮಾತ್ರ ಗೊತ್ತಾಗುತ್ತದೆ. ಮ್ಯೂನಿಕ್‌ನ ಚಳಿಯಲ್ಲಿ, ಉಲ್ಲನ್ ಅಂಗಿಯ ಒಳಗೆ, ಮಣಿಕಟ್ಟಿಗೆ ಒಂದು ಗೆರೆ ಎಳೆದುಕೊಂಡರೆ ಬಹಳ ಚಂದ. ಮೊದಲು ಹೊಗೆ ಹಿಡಿದ ತೊಗಲು. ಹತ್ತು ನಿಮಿಷದ ಮೇಲೆ ಸಿಹಿ ಸಿಹಿ ಒಣಹುಲ್ಲು. ಆ ಸಿಹಿ ಕೂಮರಿನ್ ಅನ್ನುವ ವಸ್ತುವಿನದ್ದು. ಅಲ್ಲಿಯ ಕೆಲವು ಹುಲ್ಲು ಕೊಯ್ದು ಒಣಗಿಸಿದಾಗ ಅದೇ ಬರುತ್ತದೆ. 1868ರಲ್ಲೇ ಅದನ್ನು ಲ್ಯಾಬಿನಲ್ಲಿ ಮಾಡಲು ಕಲಿತಿದ್ದಾರೆ, 1880ರ ದಶಕದಿಂದ ಸೆಂಟಿಗೆ ಹಾಕುತ್ತಿದ್ದಾರೆ. ಅಂದರೆ ಒಣಹುಲ್ಲಿನ ಪರಿಮಳ ಮೈಗೆ ಹಾಕಿಕೊಳ್ಳುವುದು ಅವರಿಗೆ ಹೊಸ ಶೋಕಿಯೇನೂ ಅಲ್ಲ. ಎಲ್ಲದರ ಕೆಳಗೆ ಒಂದು ಪ್ರಾಣಿಯ ಬೆಚ್ಚಗಿನ ಮೈ ಇದ್ದ ಹಾಗೆ ಒಂದು ವಾಸನೆ. ನನಗೆ ಕುದುರೆ ಗೊತ್ತಿಲ್ಲ. ನಮ್ಮ ಕಡೆ ಕುದುರೆ ಇರುವವರು ಯಾರು? ನನಗೆ ಅದು ರಾತ್ರಿ ಹಟ್ಟಿಯ ಬಾಗಿಲು ತೆಗೆದಾಗ ಮುಖಕ್ಕೆ ಬಡಿಯುವ ಬಿಸಿ ಉಸಿರು.

ಹಾಗೆ ಅಂತ ನಾನು ಅಂದುಕೊಂಡಿದ್ದೆ. ಅಮ್ಮನ ಪರೀಕ್ಷೆ ಆಗುವವರೆಗೆ.

"ಕೈ ತಾ ಇಲ್ಲಿ" ಅಂದರು. ಮೂಸಿದರು. ಇನ್ನೊಮ್ಮೆ ಮೂಸಿದರು.

"ಇದು ಹಟ್ಟಿ ಅಲ್ಲ, ಅಟ್ಟ."

"ಅಂದ್ರೆ?"

"ಇದರಲ್ಲಿ ಉಚ್ಚೆ ಎಲ್ಲಿ ಉಂಟು? ಮತ್ತೆ ಇದು ಬೈಹುಲ್ಲೂ ಅಲ್ಲ. ಬೈಹುಲ್ಲು ಇಷ್ಟು ಸಿಹಿ ಇರ್ತದಾ?"

ಎರಡೂ ಸರಿ! ಅಲ್ಲಿಯದ್ದು ಹಸಿ ಹುಲ್ಲು ಕೊಯ್ದು ಬಿಸಿಲಿಗೆ ಹಾಕಿದ್ದು, ನಮ್ಮದು ಭತ್ತ ಬಡಿದು ಉಳಿದದ್ದು, ಎರಡೂ ಒಂದೇ ವಾಸನೆ ಆಗಲು ಸಾಧ್ಯವೇ ಇಲ್ಲ. ಮೂತ್ರದಿಂದ ಬರುವ ಅಮೋನಿಯಾ, ಅಂದರೆ ಬೆಳಿಗ್ಗೆ ಹಟ್ಟಿಗೆ ಕಾಲಿಟ್ಟ ಕೂಡಲೇ ಕಣ್ಣು ಉರಿಸುವಂಥದ್ದು, ಅದು ಅನಿಲ. ಎಣ್ಣೆಯಲ್ಲಿ ಹಿಡಿದಿಟ್ಟರೆ ನಿಲ್ಲುವುದಿಲ್ಲ, ನಿಂತರೂ ಹಚ್ಚಿಕೊಳ್ಳುವವರು ಯಾರು? ಸೆಂಟ್ ಮಾಡುವವರು ಹಟ್ಟಿಯಿಂದ ತಮಗೆ ಬೇಕಾದದ್ದನ್ನು ಮಾತ್ರ ಆರಿಸಿಕೊಂಡಿದ್ದಾರೆ. ಹುಲ್ಲು ಬಂತು, ಮರ ಬಂತು, ಪ್ರಾಣಿಯ ಮೈ ಬಂತು. ಉಚ್ಚೆ, ಕೊಳೆತ ಸೊಪ್ಪು, ನೊಣ, ಮೂರೂವರೆಗೆ ಏಳುವುದು, ಇವೆಲ್ಲ ಅಲ್ಲೇ ಉಳಿಯಿತು.

ಅಮ್ಮನಿಗೆ ವಾಸನೆ ಅಂದರೆ ಬೇರೆಯೇ ಲೆಕ್ಕ. ಚಂದವೋ ಅಲ್ಲವೋ ಅನ್ನುವ ಪ್ರಶ್ನೆಯೇ ಇಲ್ಲ. ಎರಡು ವರ್ಷದ ಹಿಂದೆ ಕರು ಹಾಕಿದ ಎಚ್‌ಎಫ್ ತಳಿಯ ದನ ಹಿಂಡಿ ತಿನ್ನದೆ ನಿಂತಾಗ ಅಮ್ಮ ಅದರ ಬಾಯಿ ಹತ್ತಿರ ಮೂಗು ಇಟ್ಟು, "ಸಿಹಿ ವಾಸನೆ ಬರ್ತದೆ, ಡಾಕ್ಟರಿಗೆ ಫೋನ್ ಮಾಡಿ" ಅಂದಿದ್ದರಂತೆ. ಕೀಟೋಸಿಸ್ ಆಗಿತ್ತು. ಜಾಸ್ತಿ ಹಾಲು ಕೊಡುವ ದನಗಳಿಗೆ ಕರು ಹಾಕಿದ ಹೊಸತರಲ್ಲಿ ಆಗುವುದುಂಟು, ಉಸಿರು ನೇಲ್ ಪಾಲಿಶ್ ತೆಗೆಯುವ ದ್ರಾವಣದ ಹಾಗೆ ಇರುತ್ತದೆ. ಗ್ಲೂಕೋಸ್ ಕೊಟ್ಟ ಮೇಲೆ ಸರಿಯಾಯಿತು. ಅಕ್ಕಚ್ಚು (ಅಕ್ಕಿ ತೊಳೆದ ನೀರು) ಹುಳಿಯಾಗಿದೆಯಾ, ಹಿಂಡಿಗೆ ಬೂಸ್ಟು ಹಿಡಿದಿದೆಯಾ, ಹಾಲು ಡೈರಿಗೆ ಹೋಗಬಹುದಾ, ಎಲ್ಲವೂ ಮೂಗಿನಲ್ಲೇ. ನನ್ನ 38 ಯುರೋ ಬಾಟಲಿ ಅವರಿಗೆ ಅರ್ಧ ಓದಿದ ಕಾಗದದ ಹಾಗೆ ಕಂಡಿರಬೇಕು.

ಮಂಗಳೂರಿಗೆ ಹೋಗುವ ದಿನ ಹಟಕ್ಕೆ ಬಿದ್ದು ಅದನ್ನೇ ಹಚ್ಚಿಕೊಂಡು ಎಕ್ಸ್‌ಪ್ರೆಸ್ ಬಸ್ ಹತ್ತಿದೆ. ತಪ್ಪು ಮಾಡಿದೆ. ನಮ್ಮ ಕರಾವಳಿಯ ಸೆಕೆಗೆ, ಬೆವರಿಗೆ ಈ ಎಣ್ಣೆ ಬೇರೆಯೇ ಆಗುತ್ತದೆ. ಮ್ಯೂನಿಕ್‌ನಲ್ಲಿ ಮಣಿಕಟ್ಟು ಬಿಟ್ಟು ಕದಲದಿದ್ದದ್ದು ಇಲ್ಲಿ ಕಾಪು ದಾಟುವ ಮೊದಲೇ ಎರಡು ಸೀಟಿಗೆ ಹರಡಿತ್ತು. ಹುಲ್ಲಿನ ಸಿಹಿ ಮುಳುಗಿ ಹೋಗಿ ಪ್ರಾಣಿ ಮಾತ್ರ ಮೇಲೆ ಬಂತು. ಪಕ್ಕದಲ್ಲಿದ್ದವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮೆಲ್ಲಗೆ ಬಗ್ಗಿ, ತಮ್ಮ ಚಪ್ಪಲಿಯ ಅಡಿ ನೋಡಿಕೊಂಡರು. ಎಡದ್ದು, ಆಮೇಲೆ ಬಲದ್ದು. ನನಗೆ ನಗು ಬಂತು, ಅದರ ಹಿಂದೆಯೇ ಹಳೇ ನಾಚಿಕೆಯೂ ಬಂತು. ಮ್ಯೂನಿಕ್‌ನಲ್ಲಿ ಈ ವಾಸನೆ ಹೊತ್ತು ಬಂದವರು ಕುದುರೆ ಇರುವವರು, ಅವರಿಗೆ ಪುರುಸೊತ್ತು ಉಂಟು, ದುಡ್ಡು ಉಂಟು. ನಮ್ಮ ಬಸ್ಸಿನಲ್ಲಿ ಅದೇ ವಾಸನೆ ಹೊತ್ತು ಬಂದವರು ಕೆಲಸ ಮುಗಿಸಿ ತೊಳೆದುಕೊಳ್ಳಲೂ ಪುರುಸೊತ್ತು ಇಲ್ಲದವರು ಅಂತ ಲೆಕ್ಕ. ಮೂಗು ಒಂದೇ, ಅದರ ಹಿಂದಿನ ಲೆಕ್ಕ ಬೇರೆ. ನನಗೆ ಸಿಟ್ಟು ಬರುವುದು ಇಲ್ಲಿ. ಸೆಂಟಿನ ಮೇಲೆ ಅಲ್ಲ.

ಆದರೆ ನಮ್ಮವರೆಲ್ಲ ಹೀಗೇ, ಅಲ್ಲಿಯವರೆಲ್ಲ ಹಾಗೇ ಅಂತ ಹೇಳಿದರೆ ಸುಳ್ಳಾಗುತ್ತದೆ. ಕಂಬಳಕ್ಕೆ ಹೋಗಿ ನೋಡಿ. ಓಟದ ಕೋಣಕ್ಕೆ ಹುರುಳಿ ಬೇಯಿಸಿ ಹಾಕುತ್ತಾರೆ, ಮೈಗೆ ಎಣ್ಣೆ ತಿಕ್ಕುತ್ತಾರೆ, ಕೆಲವರ ಕೋಣದ ಹಟ್ಟಿಯಲ್ಲಿ ಫ್ಯಾನ್ ಉಂಟು. ರಾತ್ರಿ ಲೈಟಿನಲ್ಲಿ ಕೆಸರು, ಬೆವರು, ಎಣ್ಣೆ, ಕೋಣ ಎಲ್ಲ ಸೇರಿದ ಆ ವಾಸನೆಗೆ ಯಾರೂ ಮೂಗು ಮುಚ್ಚುವುದಿಲ್ಲ. ಬಿಳಿ ಪಂಚೆ ಉಟ್ಟ ಯಜಮಾನರು ಕೋಣದ ಕುತ್ತಿಗೆಗೆ ಕೈ ಹಾಕಿ ಫೋಟೊಕ್ಕೆ ನಿಲ್ಲುತ್ತಾರೆ. ಅಲ್ಲಿ ಕೋಣ ಎಣ್ಣೆ ಹಚ್ಚಿಕೊಂಡು ಬರುತ್ತದೆ, ನಾನು ಕೋಣದಂಥ ವಾಸನೆಯ ಎಣ್ಣೆ ಹಚ್ಚಿಕೊಂಡು ಓಡಾಡುತ್ತೇನೆ, ಅಷ್ಟೇ ವ್ಯತ್ಯಾಸ. ಮ್ಯೂನಿಕ್‌ನವರಿಗೆ ಕುದುರೆ ಲಾಯ ಇದ್ದ ಹಾಗೆ ನಮಗೆ ಕಂಬಳದ ಕೋಣ. ಮರ್ಯಾದೆ ಪ್ರಾಣಿಗಲ್ಲ, ಅದನ್ನು ಶೋಕಿಗೆ ಸಾಕಿದವರಿಗೆ. ಹಾಲು ಕರೆಯುವ ದನದ ಹಟ್ಟಿಗೆ ಇಲ್ಲೂ ಅದಿಲ್ಲ, ಅಲ್ಲೂ ಕಮ್ಮಿಯೇ.

ಆ ದಿನ ಮಂಗಳೂರಿನ ಬಂದರು ಕಡೆ ಒಂದು ಅತ್ತರಿನ ಅಂಗಡಿಗೆ ಹೋದೆ. ಬಾಟಲಿ ತೋರಿಸಿದೆ. ಅಂಗಡಿಯವರು ಮುಂಗೈ ಹಿಂದೆ ಒಂದು ಗೆರೆ ಎಳೆದು, ಉಜ್ಜದೆ, ಸ್ವಲ್ಪ ಕಾದು ಮೂಸಿದರು. ಮುಖ ಸಿಂಡರಿಸಲಿಲ್ಲ. "ಇದೆಂತ ಮಾರಾಯ್ರೆ, ಊದ್‌ನ ಪರಿಮಳ ಕದ್ದ ಹಾಗೆ ಉಂಟು" ಅಂತ ನಕ್ಕು ಒಳಗಿಂದ ಅಸ್ಸಾಮಿನ ಊದ್, ಅಂದರೆ ಅಗರು ಮರದ ಅತ್ತರು, ತೆಗೆದರು. ನಿಜ ಹೇಳುತ್ತೇನೆ, ಮೊದಲ ಉಸಿರಿಗೆ ಹಟ್ಟಿಯೇ! ಅಗರು ಮರಕ್ಕೆ ಬೂಸ್ಟು ಹಿಡಿದಾಗ ಕಾಂಡದೊಳಗೆ ಕಪ್ಪು ಅಂಟು ಕಟ್ಟುತ್ತದೆ. ಆ ಮರದ ಚಕ್ಕೆಗಳನ್ನು ದಿನಗಟ್ಟಲೆ ನೀರಿನಲ್ಲಿ ನೆನೆಹಾಕಿ, ಹುಳಿ ಬರಿಸಿ, ಆಮೇಲೆ ಬಟ್ಟಿ ಇಳಿಸುತ್ತಾರೆ. ಆ ಹುಳಿಯೇ ಈ ವಾಸನೆಗೆ ಕಾರಣ. ಗಲ್ಫಿನಲ್ಲಿ ಅದನ್ನು ದುಡ್ಡು ಸುರಿದು ಕೊಳ್ಳುತ್ತಾರೆ. ನಾನು ಚಿಕ್ಕವನಿದ್ದಾಗ ಗಲ್ಫಿನಿಂದ ಬಂದವರ ಸೂಟ್‌ಕೇಸ್ ತೆರೆದಾಗ ಬರುತ್ತಿದ್ದ ಆ ಭಾರವಾದ ಪರಿಮಳವನ್ನು ನಾವು 'ಫಾರಿನ್' ಅನ್ನುತ್ತಿದ್ದೆವು. ಅಸ್ಸಾಮಿನ ಕೊಳೆತ ಮರವೂ ಅದರೊಳಗೆ ಇದ್ದಿರಬಹುದು ಅಂತ ಆಗ ಯಾರಿಗೆ ಗೊತ್ತಿತ್ತು?

ಇನ್ನೊಂದು ಹೇಳಿದರೆ ನಮ್ಮ ಹೆಂಗಸರು ನನ್ನನ್ನು ಬೈಯಬಹುದು. ಶಂಕರಪುರದ ಮಲ್ಲಿಗೆ, ಬಾಳೆ ನಾರಿನಲ್ಲಿ ಕಟ್ಟಿ ಚೆಂಡು, ಅಟ್ಟೆ ಲೆಕ್ಕದಲ್ಲಿ ಮಾರುವ ನಮ್ಮ ಉಡುಪಿ ಮಲ್ಲಿಗೆ, ಸಂಜೆ ಅಷ್ಟು ಘಮ್ಮೆನ್ನುವುದರಲ್ಲಿ ಇಂಡೋಲ್ ಅನ್ನುವ ವಸ್ತುವಿನ ಪಾಲೂ ಉಂಟು. ಅದೇ ಇಂಡೋಲ್ ಸೆಗಣಿಯಲ್ಲೂ ಉಂಟು. ಕಮ್ಮಿ ಇದ್ದರೆ ಹೂವು, ಜಾಸ್ತಿಯಾದರೆ ನಾತ. ಚಿಕ್ಕಮ್ಮನಿಗೆ ಇದನ್ನು ಹೇಳಿದೆ. "ನೀನು ಜರ್ಮನಿಯಲ್ಲಿ ಕಲಿತದ್ದು ಇದುವಾ?" ಅಂತ ಕೇಳಿ ಜಡೆಯಲ್ಲಿದ್ದ ಮಲ್ಲಿಗೆ ಸರಿಮಾಡಿಕೊಂಡರು.

ನಾನಂತೂ ಆ ಎಣ್ಣೆ ಬಿಡುವುದಿಲ್ಲ. ಅಲ್ಲಿ ಚಳಿಗಾಲದಲ್ಲಿ ಹಚ್ಚಿಕೊಳ್ಳುತ್ತೇನೆ, ಇಲ್ಲಿಗೆ ತರುವುದಿಲ್ಲ. ಅಂಥದ್ದು ತೆಗೆದುಕೊಳ್ಳುವವರಿಗೆ ಒಂದು ಮಾತು: ಸೆಕೆಯ ಊರಿನಲ್ಲಿ ಒಂದು ಚುಕ್ಕಿ ಸಾಕು, ಅದೂ ಬಸ್ ಹತ್ತುವ ದಿನ ಬೇಡ.

ಹೊರಡುವ ಹಿಂದಿನ ಸಂಜೆ ಪಕ್ಕದ ಮನೆಯ ಹುಡುಗ ಬಂದ. ಇಪ್ಪತ್ತೆರಡು ವರ್ಷ. ಡಿಗ್ರಿ ಮುಗಿಸಿ ಹನ್ನೆರಡು ದನ ಸಾಕಿದ್ದಾನೆ, ಹಾಲು ಕರೆಯುವ ಮಿಷನ್ ಹಾಕಿಸಿದ್ದಾನೆ, ಗೊಬ್ಬರ ಮಾರಿಯೂ ದುಡ್ಡು ಮಾಡುತ್ತಾನೆ. ನನ್ನಲ್ಲಿಲ್ಲದ ಧೈರ್ಯ ಅವನಲ್ಲಿ ಉಂಟು ಅಂತ ನನಗೆ ಯಾವಾಗಲೂ ಅನಿಸುವುದು. ಬಾಟಲಿ ಕೊಟ್ಟೆ. ಮೂಸಿ, ನನ್ನ ಮುಖ ನೋಡಿ, ಮತ್ತೆ ಮೂಸಿದ.

"ಇದಕ್ಕೆ ದುಡ್ಡು ಕೊಟ್ರಾ ಅಣ್ಣ?"

ಎಷ್ಟು ಅಂತ ಹೇಳಿದೆ. ಹೊಟ್ಟೆ ಹಿಡಿದು ನಕ್ಕ. "ನಮ್ಮ ಹಟ್ಟಿಗೆ ಬನ್ನಿ, ಫ್ರೀ ಕೊಡ್ತೇನೆ, ಬೇಕಾದ್ರೆ ಬಕೆಟ್‌ನಲ್ಲಿ." ನಾನೂ ನಕ್ಕೆ. ಆಮೇಲೆ ಗೇಟಿನ ಹತ್ತಿರ ಹೋದವನು ತಿರುಗಿ ಬಂದು, ಸ್ವಲ್ಪ ದನಿ ತಗ್ಗಿಸಿ ಹೇಳಿದ: "ಮುಂದಿನ ಸಲ ಬರುವಾಗ ಒಂದು ಒಳ್ಳೆ ಸೆಂಟ್ ತನ್ನಿ ಅಣ್ಣ. ಹೆಣ್ಣು ನೋಡ್ಲಿಕ್ಕೆ ಹೋಗ್ಲಿಕ್ಕೆ ಉಂಟು. ನಿಂಬೆಯದ್ದೋ ಎಂತಾದ್ರೂ. ಇಂಥದ್ದು ಬೇಡ."

ನಿಂಬೆಯದ್ದೇ ತೆಗೆದಿಟ್ಟಿದ್ದೇನೆ. ನೀಲಿ ಬಾಟಲಿ.