ಸಮುದ್ರ ಎಷ್ಟು ಗಂಟೆಗೆ ಬರುತ್ತೆ?

ಮದುವೆಯಾಗಿ 25 ವರ್ಷ ತುಂಬುವ ಹೊತ್ತಿಗೆ ನನಗೆ ಮಂಡಿನೋವು ಬಂದಿತ್ತು, ಇವರಿಗೆ ಬ್ಯಾಕ್‌ಪ್ಯಾಕಿಂಗ್ ಹುಚ್ಚು ಹಿಡಿದಿತ್ತು. ಮೊದಲನೆಯದಕ್ಕೆ ಎಣ್ಣೆ ಇದೆ. ಎರಡನೆಯದಕ್ಕೆ ಏನೂ ಇಲ್ಲ.

"ಒಂದು ಚೀಲ, ಎರಡು ಜೊತೆ ಬಟ್ಟೆ, ಕಾಲು ಹೋದ ಕಡೆ ಹೋಗೋದು. ಸಮುದ್ರದ ದಂಡೇಲೇ ನಡೀತಾ ಇರೋದು" ಅಂದರು. ಈ 25 ವರ್ಷದಲ್ಲಿ ಇವರ ಕಾಲು ಬೆಂಗಳೂರಿನ ನಮ್ಮ ವಿಜಯನಗರದ ಮನೆಯಿಂದ ಹಾಲಿನ ಬೂತಿನವರೆಗೆ ಹೋದದ್ದು ಬಿಟ್ಟರೆ, ತಾನಾಗಿ ಎಲ್ಲಿಗೂ ಹೋದದ್ದನ್ನು ನಾನು ಕಂಡಿಲ್ಲ. ಆದರೂ ಒಪ್ಪಿದೆ. ಒಂದು ಷರತ್ತು ಹಾಕಿದೆ. ಅಂಡಮಾನಿಗೆ ಹೋಗೋಣ, ಮೊದಲ ದಿನಗಳು ಇವರಿಗೆ, ಚೀಲ, ಗುಡಿಸಲು, ನಡಿಗೆ ಎಲ್ಲ ಇವರಿಷ್ಟ. ಕೊನೆಯ ಎರಡು ರಾತ್ರಿ ಮಾತ್ರ ನನ್ನವು. ಎಸಿ ರೂಮು, ಕಿಟಕಿ ತೆಗೆದರೆ ಸಮುದ್ರ, ಬೆಳಗ್ಗೆ ಬೇರೆ ಯಾರಾದರೂ ಮಾಡಿದ ತಿಂಡಿ. ಮಗ ಸಾಕ್ಷಿಯಾಗಿ ನಿಂತ, ತನ್ನ ಮತ್ತು ಗೆಳೆಯನ ರಕ್‌ಸ್ಯಾಕ್‌ಗಳನ್ನು ಕೊಟ್ಟ. "ಅಮ್ಮಾ, ಹತ್ತು ಕೆಜಿ ದಾಟಬಾರದು" ಅಂತ ಹೇಳಿಯೂ ಹೇಳಿದ.

ದಾಟಲೇಬಾರದು ಅಂತ ನಾನೂ ಅಂದುಕೊಂಡಿದ್ದೆ. ಆದರೆ ಚಟ್ನಿಪುಡಿ ಇಲ್ಲದೆ ಹೇಗೆ ಹೋಗೋದು? ಚಟ್ನಿಪುಡಿ ಅಂದಮೇಲೆ ಅದಕ್ಕೆ ಕಲಸಿಕೊಳ್ಳಲು ಕೊಬ್ಬರಿ ಎಣ್ಣೆ, ಮಂಡಿಗೂ ಆಯಿತು ಅಂತ ದೊಡ್ಡ ಬಾಟಲಿಯೇ. ಅವಲಕ್ಕಿ, ನಿಪ್ಪಟ್ಟು, ಎಲೆಕ್ಟ್ರಿಕ್ ಕೆಟಲ್, ಎರಡು ಕೊಡೆ, ಬೆಡ್‌ಶೀಟು. ಇವರು ನನಗೆ ಕಾಣದ ಹಾಗೆ ಇಸ್ತ್ರಿಪೆಟ್ಟಿಗೆ ತುರುಕಿದ್ದರು. ತೂಗಿದಾಗ ಇವರ ಚೀಲ 14 ಕೆಜಿ 800 ಗ್ರಾಂ. ವಿಮಾನದಲ್ಲಿ 15 ಕೆಜಿ ಬಿಡುತ್ತಾರಲ್ಲ, ಇನ್ನೂ 200 ಗ್ರಾಂ ಉಳಿಯಿತು ಅಂತ ಇವರು ಒಂದು ಪೊಟ್ಟಣ ಕೋಡುಬಳೆ ಸೇರಿಸಿದರು. ಆಮೇಲೆ ಚೀಲವನ್ನು ಮಂಚದ ಮೇಲಿಟ್ಟು, ಕುಳಿತುಕೊಂಡು, ಪಟ್ಟಿಗಳಿಗೆ ತೋಳು ತೂರಿಸಿ, "ಏಳ್ತೀನಿ ನೋಡು" ಅಂದರು. ಏಳಲಿಲ್ಲ. ಮಗುಚಿದ ಆಮೆಯ ಹಾಗೆ ಕೈಕಾಲು ಆಡಿಸುತ್ತ ಮಂಚದ ಮೇಲೆ ಮಲಗಿದ್ದರು. ಮಗ ಮೊದಲು ಫೋಟೊ ತೆಗೆದು, ಆಮೇಲೆ ಎಬ್ಬಿಸಿದ.

ಡಿಸೆಂಬರಿನಲ್ಲಿ ಹೊರಟೆವು. ಪೋರ್ಟ್ ಬ್ಲೇರಿಗೆ 2024ರಿಂದ ಶ್ರೀ ವಿಜಯಪುರಂ ಅಂತ ಹೆಸರು. ಅಂದರೆ ವಿಜಯನಗರದಿಂದ ಹೊರಟು ವಿಜಯಪುರದಲ್ಲಿ ಇಳಿದೆವು. ಇವರು ಮೊದಲ ಸಂಜೆಯೇ "ಆರು ಗಂಟೆಗೆ ಸೂರ್ಯಾಸ್ತ, ಐದೂವರೆಗೆ ಹೊರಟರೆ ಸಾಕು" ಅಂತ ಒಂದು ನಿದ್ದೆ ತೆಗೆದರು. ಐದೂವರೆಗೆ ಬಾಗಿಲು ತೆಗೆದರೆ ಕಗ್ಗತ್ತಲು. ಪ್ರಳಯವೇ ಆಯಿತೇನೋ ಅನ್ನುವ ಹಾಗೆ ನನ್ನ ಮುಖ ನೋಡಿದರು. ಲೆಕ್ಕ ಸುಲಭ. ಬೆಂಗಳೂರಿಗಿಂತ ಅದು 15 ಡಿಗ್ರಿ ಪೂರ್ವಕ್ಕಿದೆ, ಡಿಗ್ರಿಗೆ ನಾಲ್ಕು ನಿಮಿಷ, ಒಟ್ಟು ಒಂದು ಗಂಟೆ. ಸೂರ್ಯ ಒಂದು ಗಂಟೆ ಮೊದಲೇ ಹುಟ್ಟಿ ಮೊದಲೇ ಮುಳುಗುತ್ತಾನೆ, ಗಡಿಯಾರ ಮಾತ್ರ ನಮ್ಮೂರಿನದೇ. ಈ ಲೆಕ್ಕವನ್ನು ಇವರಿಗೆ ಹೇಳಿಕೊಟ್ಟದ್ದು ಎಳನೀರು ಮಾರುವವನು. ಆಮೇಲೆ ಊರಿಗೆ ಫೋನು ಮಾಡಿದವರಿಗೆಲ್ಲ ಇವರು ಅದನ್ನು ತಾವೇ ಕಂಡುಹಿಡಿದ ಹಾಗೆ ಹೇಳುತ್ತಿದ್ದರು.

ಅಲ್ಲಿಂದ ನೀಲ್ ದ್ವೀಪ. ಹಡಗಿನ ಪ್ರಯಾಣದ ಬಗ್ಗೆ ಜಾಸ್ತಿ ಹೇಳುವುದಿಲ್ಲ. "ನಾನು ಶಿರಾಡಿ ಘಾಟಿನಲ್ಲಿ ಪೇಪರ್ ಓದಿಕೊಂಡು ಹೋದವನು" ಅಂತ ಶುರುವಿನಲ್ಲಿ ಹೇಳಿದವರು, ಅರ್ಧ ದಾರಿಯಲ್ಲಿ ನಿಪ್ಪಟ್ಟಿನ ಕವರು ಖಾಲಿ ಮಾಡಿ ಕೊಡು ಅಂತ ಸನ್ನೆ ಮಾಡಿದರು. ಕೊಟ್ಟೆ.

2018ರಲ್ಲಿ ನೀಲ್‌ಗೆ ಶಹೀದ್ ದ್ವೀಪ ಅಂತಲೂ, ಹ್ಯಾವ್‌ಲಾಕ್‌ಗೆ ಸ್ವರಾಜ್ ದ್ವೀಪ ಅಂತಲೂ ಹೆಸರಿಟ್ಟಿದ್ದಾರೆ. ನೇತಾಜಿ 1943ರಲ್ಲಿ ಬಳಸಿದ್ದ ಹೆಸರುಗಳು. ನನಗಂತೂ ಅವು ನಮ್ಮ ಒಪ್ಪಂದ ಓದಿಯೇ ಇಟ್ಟ ಹಾಗೆ ಕಂಡವು. ಚೀಲ ಹೊರುವುದು ಶಹೀದ್ ದ್ವೀಪದಲ್ಲಿ, ರೆಸಾರ್ಟು ಸ್ವರಾಜ್ ದ್ವೀಪದಲ್ಲಿ!

ಶಹೀದ್ ದ್ವೀಪ ಚಿಕ್ಕದು, ಚೆಂದದ್ದು. ಆಚೀಚೆ ಗದ್ದೆ, ಬಾಳೆ, ಅಡಿಕೆ. ನಡುವೆ ಬೀಚಿನ ಸುಳಿವೇ ಸಿಗುವುದಿಲ್ಲ, ಮಲೆನಾಡಿನ ಯಾವುದೋ ಊರಿಗೆ ಬಂದೆವಾ ಅನ್ನಿಸುತ್ತದೆ. ದೇಶ ವಿಭಜನೆಯ ನಂತರ ಪೂರ್ವ ಬಂಗಾಳದಿಂದ ಬಂದ ಕುಟುಂಬಗಳಿಗೆ ಸರ್ಕಾರ ಇಲ್ಲಿ ಜಮೀನು ಕೊಟ್ಟಿತು. ಅವರು ಬೀಚುಗಳಿಗೆ ರಾಮನಗರ, ಸೀತಾಪುರ, ಲಕ್ಷ್ಮಣಪುರ, ಭರತಪುರ ಅಂತ ಹೆಸರಿಟ್ಟುಕೊಂಡಿದ್ದಾರೆ. ಊರ್ಮಿಳೆಯ ಹೆಸರಿನದು ನನಗೆ ಎಲ್ಲೂ ಕಾಣಲಿಲ್ಲ. ಅವಳಿಗೆ ಇಲ್ಲೂ ಅದೇ ಗತಿ, ಪಾಪ. ಅಲ್ಲಿನ ಜನ ಇವರನ್ನು "ದಾದಾ" ಅಂತ ಕರೆದರು. ಬಂಗಾಳಿಯಲ್ಲಿ ಅಣ್ಣ ಅಂತ ಅರ್ಥ. ಬೆಂಗಳೂರಿನ ಅರ್ಥವನ್ನೇ ಮನಸ್ಸಿನಲ್ಲಿಟ್ಟುಕೊಂಡು ಇವರು ಎರಡು ದಿನ ಎದೆ ಉಬ್ಬಿಸಿ ನಡೆದರು.

ಲಕ್ಷ್ಮಣಪುರದ ಹತ್ತಿರ ಕಡಲಿಗೆ ಚಾಚಿದ ಕಲ್ಲಿನ ಕಮಾನು ಇದೆ. ಇಳಿತದ ಹೊತ್ತಿನಲ್ಲಿ ಮಾತ್ರ ಹತ್ತಿರ ಹೋಗಬಹುದು. ಹವಳದ ಒರಟು ಬಂಡೆ, ಪಾಚಿ, ಗುಂಡಿಗಳಲ್ಲಿ ನಿಂತ ನೀರು, ಅದರಲ್ಲಿ ಬಣ್ಣಬಣ್ಣದ ಮೀನು. ಎಲ್ಲರೂ ಬರಿಗೈಯಲ್ಲಿ ಹೋಗುತ್ತಿದ್ದರು. "ಚೀಲ ಗುಡಿಸಲಲ್ಲೇ ಇರಲಿ ರೀ" ಅಂದೆ. "ಬ್ಯಾಕ್‌ಪ್ಯಾಕರ್ ಬ್ಯಾಕ್‌ಪ್ಯಾಕ್ ಬಿಟ್ಟು ಹೋಗ್ತಾನೇನೇ?" ಅಂದರು. ಹದಿನೈದು ಕೆಜಿ ಹೊತ್ತು ಪಾಚಿಯ ಮೇಲೆ ಕಾಲಿಟ್ಟರು. ಸುಮ್ನೆ ಜಾರಿ ಕೂತಿದ್ದರೆ ಚಿಂತೆ ಇರಲಿಲ್ಲ. ಅಂಗಾತ ಬಿದ್ದರು. ಮತ್ತೆ ಆಮೆ, ಈ ಸಲ ನೀರಿನಲ್ಲಿ. ನಾಲ್ಕು ಜನ "ದಾದಾ, ದಾದಾ" ಅನ್ನುತ್ತ ಎತ್ತಿ ನಿಲ್ಲಿಸಿದರು. ಚೀಲದೊಳಗಿನ ಇಸ್ತ್ರಿಪೆಟ್ಟಿಗೆಯ ಗುಟ್ಟು ರಟ್ಟಾದದ್ದು ಆವತ್ತು, ಎಲ್ಲವನ್ನೂ ಬಿಸಿಲಿಗೆ ಹರಡಿದಾಗ. ಗುಡಿಸಲಿನ ಮಾಲೀಕರು ಅದನ್ನು ನೋಡಿ, ಮದುವೆಗೆ ಬಂದವರೇ ಅಂತ ವಿನಯದಿಂದ ಕೇಳಿದರು.

ಮರುದಿನ ಬೆಳಗಿನ ಹಡಗಿಗೆ ಹ್ಯಾವ್‌ಲಾಕ್. ಅಲ್ಲಿನ ಊರುಗಳ ಹೆಸರು ಗೋವಿಂದನಗರ, ವಿಜಯನಗರ, ಶ್ಯಾಮನಗರ, ಕೃಷ್ಣನಗರ, ರಾಧಾನಗರ. ಆಟೋದವನು ಒಂದೊಂದಾಗಿ ಹೇಳುತ್ತಿದ್ದರೆ ಮೆಜೆಸ್ಟಿಕ್‌ನಲ್ಲಿ ನಿಂತು ಬಿಎಂಟಿಸಿ ಬೋರ್ಡು ಓದಿದ ಹಾಗಿತ್ತು. ನಾನು ಬುಕ್ ಮಾಡಿದ ರೆಸಾರ್ಟು ಎಲ್ಲಿ? ವಿಜಯನಗರ ಬೀಚಿನಲ್ಲಿ. ಎರಡು ಸಲ ವಿಮಾನದ ಊಟ, ಎರಡು ಸಲ ಸಮುದ್ರ, ಕೊನೆಗೆ ತಲುಪಿದ್ದು ವಿಜಯನಗರಕ್ಕೆ ಅಂತ ಇವರು ಹಂಗಿಸಿದರು. ವಿಮಾನದ ಊಟ ಒಂದೇ ಸಲ ಆಗಿತ್ತು, ಅದಿರಲಿ.

ರೂಮು ಮಧ್ಯಾಹ್ನ 12ಕ್ಕೆ. ಆಗಿನ್ನೂ ಒಂಬತ್ತು. "ಅಷ್ಟರಲ್ಲಿ ಎಲಿಫೆಂಟ್ ಬೀಚಿಗೆ ಕಾಡಿನ ದಾರೀಲಿ ನಡೆದುಬಿಡೋಣ" ಅಂದರು. ಆ ಬೀಚಿನಲ್ಲಿ ಆನೆ ಇಲ್ಲ. ಒಂದು ಕಾಲದಲ್ಲಿ ಮರದ ದಿಮ್ಮಿ ಎಳೆಸಲು ಅಂಡಮಾನಿಗೆ ಆನೆಗಳನ್ನು ತಂದಿದ್ದರು. ಅವುಗಳಲ್ಲಿ ಸಮುದ್ರದಲ್ಲಿ ಈಜಿಯೇ ಹೆಸರಾಗಿದ್ದ ರಾಜನ್ ಅನ್ನುವ ಆನೆ 2016ರಲ್ಲಿ ಇದೇ ದ್ವೀಪದಲ್ಲಿ ತೀರಿಕೊಂಡಿತು. ನಾವು ಹೋದ ದಿನ ಕಾಡಿನಲ್ಲಿ ಮರದ ಬೇರು, ಕೆಸರು, ಬಾಗಿ ನಡೆಯುತ್ತಿದ್ದ ಇವರು ಮತ್ತು ಇವರ ಬೆನ್ನ ಮೇಲೆ ಅಂಬಾರಿ. ಹಿಂದಿನ ರಾತ್ರಿ ಮಳೆ ಬಂದಿತ್ತು. ಕೊನೆಗೆ ಕಾಂಡ್ಲಾ, ಅಂದರೆ ಮ್ಯಾಂಗ್ರೋವ್, ಗಿಡಗಳ ಕೆಸರಿನಲ್ಲಿ ಇವರ ಎಡಗಾಲಿನ ಚಪ್ಪಲಿ ಒಳಗೇ ಉಳಿಯಿತು. ಮೊಳಕೈವರೆಗೆ ಕೈ ಹಾಕಿ ಹುಡುಕಿದರು. ಆ ದ್ವೀಪಗಳ ಹಿನ್ನೀರಿನಲ್ಲಿ ಮೊಸಳೆಗಳಿವೆ ಅಂತ ನೆನಪಿಸಿದ ಮೇಲೆ ಹುಡುಕುವುದನ್ನು ನಿಲ್ಲಿಸಿದರು.

ಹೀಗೆ ರೆಸಾರ್ಟಿಗೆ ನಮ್ಮ ಪ್ರವೇಶವಾಯಿತು. ನನ್ನ ಸೀರೆ ಮಂಡಿವರೆಗೆ ಕೆಸರು, ಇವರಿಗೆ ಒಂದೇ ಚಪ್ಪಲಿ. ಎಳನೀರು, ತಣ್ಣನೆ ಒದ್ದೆ ಟವಲು ಹಿಡಿದು ನಿಂತಿದ್ದ ಹುಡುಗ ನಮ್ಮನ್ನು ನೋಡಿ, ಟವಲನ್ನು ಒಂದು ಹೆಜ್ಜೆ ಹಿಂದಕ್ಕೆ ಎಳೆದುಕೊಂಡ. ತಪ್ಪೇನಿಲ್ಲ, ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಚೀಲ ಕೊಡಿ ಸರ್ ಅಂದ. ಮೂರು ದಿನ ಯಾರಿಗೂ ಚೀಲ ಮುಟ್ಟಲು ಬಿಡದಿದ್ದ ಇವರು, ಅವನ ಮಾತು ಮುಗಿಯುವ ಮೊದಲೇ ಅವನ ಬೆನ್ನಿಗೆ ಏರಿಸಿದ್ದರು. ರೂಮಿಗೆ ಹೋದವರೇ ಎಸಿಯ ಕೆಳಗೆ ಕೈ ಅಗಲಿಸಿ ನಿಂತು, "ಅಲ್ವೇ, ಮೊದಲೇ ಇಲ್ಲಿಗೇ ಬರಬಹುದಿತ್ತಲ್ಲ, ಸುಮ್ನೆ ಯಾಕೆ ಅಲ್ಲೆಲ್ಲ ಅಲೆದ್ವಿ?" ಅಂತ ನನ್ನನ್ನೇ ಕೇಳಿದರು.

ನಾನು ಉತ್ತರ ಕೊಡಲಿಲ್ಲ. ಆರು ತಿಂಗಳಿಂದ ಕಾದಿದ್ದ ಗಳಿಗೆ ಅದು. ಸಮುದ್ರ ಕಾಣುವ ರೂಮಿಗೆ ಜಾಸ್ತಿ ದುಡ್ಡು ಕೊಟ್ಟಿದ್ದೆ. ಪರದೆ ಸರಿಸಿದೆ.

ಸಮುದ್ರ ಇರಲಿಲ್ಲ.

ಕಣ್ಣು ಹಾಯುವಷ್ಟು ದೂರ ಒದ್ದೆ ಮರಳು, ಸತ್ತ ಹವಳದ ಕಪ್ಪು ಬಂಡೆ, ಓರೆಯಾಗಿ ಮಲಗಿದ ಒಂದು ದೋಣಿ. ಬತ್ತಿದ ಕೆರೆಯಂಗಳದ ಹಾಗೆ. ಎಲ್ಲೋ ಬಲು ದೂರದಲ್ಲಿ ಒಂದು ನೀಲಿ ಗೆರೆ. ಇವರು ಪಕ್ಕಕ್ಕೆ ಬಂದು ನಿಂತು ನೋಡಿ, "ಇದಕ್ಕೆ ಎಷ್ಟು ಕೊಟ್ಟೆ?" ಅಂದರು. ಸೀದಾ ರಿಸೆಪ್ಷನ್ನಿಗೆ ಹೋದರು, ಬರಿಗಾಲಿನಲ್ಲೇ. "ಭಾಯ್, ಸಮುಂದರ್ ಕಹಾಂ ಗಯಾ?" ಹುಡುಗ ಒಂದಿಷ್ಟೂ ಗಾಬರಿಯಾಗದೆ ಗೋಡೆಗೆ ಅಂಟಿಸಿದ್ದ ಪಟ್ಟಿ ನೋಡಿದ. ಆ ದಂಡೆ ಚಪ್ಪಟೆ, ಆಳವಿಲ್ಲ, ಇಳಿತದಲ್ಲಿ ನೀರು ತುಂಬಾ ಹಿಂದೆ ಹೋಗುತ್ತದೆ, ಅದರಲ್ಲೂ ನಾಳೆ ಹುಣ್ಣಿಮೆ, ಇವತ್ತು ಇನ್ನೂ ಜಾಸ್ತಿ ಅಂದ. ಸಂಜೆ ವಾಪಸ್ ಬರುತ್ತದೆ ಅಂತ ಧೈರ್ಯ ಹೇಳಿದ.

ಇಲ್ಲಿಂದ ಮುಂದೆ ಇವರು ಬದಲಾದರು. ದಿನ ಬಿಟ್ಟು ದಿನ ಕಾವೇರಿ ನೀರಿಗೆ ಕಾದು, ಸಂಪು ತುಂಬಿಸಿ, ಬೀದಿಯವರಿಗೆಲ್ಲ ಸುದ್ದಿ ಕೊಟ್ಟು ಪಳಗಿದ ಮನುಷ್ಯ. ನೀರು ಎಷ್ಟು ಹೊತ್ತಿಗೆ ಬರುತ್ತೆ ಅನ್ನುವುದು ಇವರ ಸ್ವಂತ ವಿಷಯ. ಉಬ್ಬರ ದಿನಕ್ಕೆರಡು ಸಲ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡ ಅಂತ ಆ ಪಟ್ಟಿ ನೋಡಿಯೇ ಹೊಂದಿಸಿಕೊಂಡರು. ಸಂಜೆಯ ಹೊತ್ತಿಗೆ ಪಕ್ಕದ ರೂಮಿನ ಗುಜರಾತಿ ದಂಪತಿಗೆ "ಐದಕ್ಕೆ ಬಿಡ್ತಾರೆ, ಬಟ್ಟೆ ರೆಡಿ ಇಟ್ಕೊಳ್ಳಿ" ಅನ್ನುವ ಧಾಟಿಯಲ್ಲಿ ಹೇಳುತ್ತಿದ್ದರು. ನೀರು ಬಂತು ಕೂಡ. ಮೆಟ್ಟಿಲಿನ ಹತ್ತಿರದವರೆಗೂ, ಹುಣ್ಣಿಮೆಯ ಹಿಂದಿನ ದಿನದ ಚಂದ್ರನ ಜೊತೆಗೆ. ಅದು ಎಷ್ಟು ಚೆನ್ನಾಗಿತ್ತು ಅಂತ ಬರೆಯಲು ಹೋದರೆ ಈ ಬರಹ ಹಾಳಾಗುತ್ತದೆ. ಮೆಟ್ಟಿಲ ಮೇಲೆ ಕೂತು ಮಂಡಿಗೆ ಎಣ್ಣೆ ಹಚ್ಚಿಕೊಂಡೆ. ಅವಲಕ್ಕಿಗೆ ಚಟ್ನಿಪುಡಿ ಕಲಸಿ ಇಬ್ಬರೂ ತಿಂದೆವು.

ಬೆಳಗ್ಗೆ ಎಣ್ಣೆ ಬಾಟಲಿಯ ಮುಚ್ಚಳ ಇರಲಿಲ್ಲ.

ಎಲ್ಲ ಕಡೆ ಹುಡುಕಿದೆ. ಕೊನೆಗೆ ಸಿಕ್ಕಿತು. ಮರಳಿನ ಮೇಲೆ ನಡೆದುಕೊಂಡು ಹೋಗುತ್ತಿತ್ತು. ಅಂಡಮಾನಿನ ದಂಡೆಯಲ್ಲಿ ಎಲ್ಲಿ ನೋಡಿದರೂ ಖಾಲಿ ಶಂಖ ಹೊತ್ತು ಓಡಾಡುವ ಏಡಿಗಳಿವೆ. ಸನ್ಯಾಸಿ ಏಡಿ ಅನ್ನುತ್ತಾರೆ. ಯಾರು ಇಟ್ಟ ಹೆಸರೋ! ಯಾವ ಸನ್ಯಾಸಿ ಮನೆಯನ್ನೇ ಬೆನ್ನಿಗೆ ಕಟ್ಟಿಕೊಂಡು ತಿರುಗುತ್ತಾನೆ? ಅದರ ಹೊಟ್ಟೆಯ ಭಾಗ ಮೆತ್ತಗೆ, ಅದಕ್ಕೇ ಸತ್ತ ಶಂಖದ ಹುಳುವಿನ ಚಿಪ್ಪಿನೊಳಗೆ ಸೇರಿಕೊಳ್ಳುತ್ತದೆ. ಬೆಳೆದ ಹಾಗೆ ದೊಡ್ಡ ಚಿಪ್ಪು ಹುಡುಕಿ ಮನೆ ಬದಲಿಸುತ್ತದೆ. ಚಿಪ್ಪು ಸಿಗದಿದ್ದರೆ ಪ್ಲಾಸ್ಟಿಕ್ ಮುಚ್ಚಳವೂ ಆದೀತು. ಜನ ಶಂಖ ಹೆಕ್ಕಿಕೊಂಡು ಹೋದರೆ ಅವಕ್ಕೆ ಮನೆ ಸಿಗುವುದಿಲ್ಲ. ಅಂಡಮಾನಿನಿಂದ ಚಿಪ್ಪು, ಹವಳ ಹೆಕ್ಕಿ ತರುವ ಹಾಗಿಲ್ಲ, ವಿಮಾನ ನಿಲ್ದಾಣದಲ್ಲಿ ತೆಗೆಸುತ್ತಾರೆ. ಇವರು ಮೊದಲ ದಿನವೇ ಜೇಬಿಗಿಳಿಸಿದ್ದ ಮೂರು ಶಂಖಗಳನ್ನು ನಾನು ದೊಡ್ಡ ಭಾಷಣ ಮಾಡಿ ಬಿಸಾಡಿಸಿದ್ದೆ.

ಈಗ ನಮ್ಮ ನೀಲಿ ಮುಚ್ಚಳದ ಏಡಿಗೆ ಮನೆ ಕೊಡಿಸುವುದು ಇವರ ಕೆಲಸವಾಯಿತು. ದಂಡೆಯಿಂದ ಸಣ್ಣದು, ನಡುವಿನದು, ದೊಡ್ಡದು ಅಂತ ಮೂರು ಚಿಪ್ಪು ತಂದು ಮೆಟ್ಟಿಲ ಮೇಲೆ ಸಾಲಾಗಿಟ್ಟರು. ಏಡಿಯನ್ನು ಮುಂದೆ ಕೂರಿಸಿದರು. ಥೇಟ್ ನಮ್ಮ ಬೀದಿಯ ಮನೆ ಬ್ರೋಕರ್. "ಇದು ಪೂರ್ವಕ್ಕೆ ಬಾಗಿಲು ನೋಡು, ಗಾಳಿ ಚೆನ್ನಾಗಿದೆ." ಏಡಿ ಕಾಲು ಹೊರಗಿಟ್ಟು, ನಡುವಿನ ಚಿಪ್ಪನ್ನು ಒಮ್ಮೆ ತಟ್ಟಿ, ಮತ್ತೆ ಮುಚ್ಚಳದೊಳಗೆ ಸೇರಿಕೊಂಡಿತು. ಇಡೀ ದಿನ ಇದೇ. ರೆಸಾರ್ಟಿನ ಈಜುಕೊಳ, ಸಮುದ್ರ, ಹೆಂಡತಿ ಯಾವುದೂ ಬೇಡವಾಯಿತು. ಮರುದಿನ ಹಡಗಿನ ಹೊತ್ತಾದರೂ "ಐದೇ ನಿಮಿಷ, ಮನಸ್ಸು ಮಾಡ್ತಾ ಇದೆ" ಅನ್ನುತ್ತಿದ್ದರು. ಆಟೋ ಬಂದು ಹಾರನ್ ಹಾಕಿತು. ನಾನು ಸಿಟ್ಟಿನಲ್ಲಿ ಮೆಟ್ಟಿಲ ಮೇಲೆ ಇದ್ದಬದ್ದದ್ದನ್ನೆಲ್ಲ ಬಾಚಿ ಇವರ ಚೀಲಕ್ಕೆ ತುಂಬಿದೆ. ಎಣ್ಣೆ ಬಾಟಲಿಯ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿದ್ದೆ. ಏಡಿ ಮುಚ್ಚಳ ಹೊತ್ತುಕೊಂಡೇ ಪೊದೆಯೊಳಗೆ ಹೋಯಿತು.

ವಿಮಾನ ನಿಲ್ದಾಣದಲ್ಲಿ ಸ್ಕ್ಯಾನರ್ ಆದ ಮೇಲೆ, ಚೀಲ ಬಿಚ್ಚಿ ಅಂದರು. ರಬ್ಬರ್ ಬ್ಯಾಂಡ್ ಕೈಕೊಟ್ಟಿತ್ತು. ಎಣ್ಣೆ ಸುರಿದಿತ್ತು, ಚಟ್ನಿಪುಡಿಯ ಡಬ್ಬಿಯೂ ಬಾಯಿ ಬಿಟ್ಟಿತ್ತು. ಇವರ ಬಟ್ಟೆಗಳೆಲ್ಲ ಇಡ್ಲಿಗೆ ಹಚ್ಚಲು ಸಿದ್ಧವಾಗಿದ್ದವು. ತಪಾಸಣೆಯ ಅಧಿಕಾರಿ ಎರಡು ಸಲ ಸೀನಿದರು. ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನೋಡಿ ಪಕ್ಕಕ್ಕಿಟ್ಟರು. ಆಮೇಲೆ ಎರಡು ಬೆರಳಲ್ಲಿ, ಕೆಂಪಗೆ ಎಣ್ಣೆಪುಡಿ ಮೆತ್ತಿಕೊಂಡಿದ್ದ ಮೂರು ಶಂಖಗಳನ್ನು ಒಂದೊಂದಾಗಿ ಹೊರತೆಗೆದು ಮೇಜಿನ ಮೇಲೆ ಸಾಲಾಗಿಟ್ಟರು. ಸಣ್ಣದು, ನಡುವಿನದು, ದೊಡ್ಡದು.

ಇವರ ಮುಖ ಬಿಳಿಚಿತು. "ಸಾರಿ ಸರ್, ಗೊತ್ತಾಗದೆ ಹಾಕ್ಕೊಂಡುಬಿಟ್ಟಿದ್ದೀನಿ" ಅಂತ ಮೂರು ಭಾಷೆಯಲ್ಲಿ ಹೇಳಿದರು. ನನ್ನ ಕಡೆ ತಿರುಗಿ, "ನೀನು ಅಷ್ಟು ಹೇಳಿದ್ದೆ, ನಂದೇ ತಪ್ಪು ಕಣೇ" ಅಂದರು.

ನಾನು ಗಂಭೀರವಾಗಿ ತಲೆಯಾಡಿಸಿದೆ. ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ. ಇವರಿಗೆ ನನ್ನ ಬರಹ ಓದುವ ಅಭ್ಯಾಸ ಇಲ್ಲ.