ಸಂಘದ ಚಂದಾ ಕಟ್ಟಬೇಕೆ? ಸಣ್ಣ ಕೈಗಾರಿಕೆಯ ಇಬ್ಬರು ಮಾಲೀಕರ ಪರ-ವಿರೋಧ

ಪರ: ನೀರಗಂಟಿಗೆ ಸಲ್ಲಬೇಕಾದ ಪಾಲು

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಮತ್ತು ಮಿಲ್ಲಿಂಗ್ ಯಂತ್ರಗಳನ್ನಿಟ್ಟುಕೊಂಡು ಜಾಬ್ ವರ್ಕ್ ಮಾಡಿಕೊಡುವ ಸಣ್ಣ ಘಟಕ ನನ್ನದು. ಪ್ರತಿ ವರ್ಷ ನಾನು ಸಣ್ಣ ಕೈಗಾರಿಕೆಗಳ ಮಾಲೀಕರ ಸಂಘದ ಚಂದಾ ಕಟ್ಟುವಾಗ, ಕಟ್ಟದಿರುವ ನೆರೆಹೊರೆಯವರು ಕೇಳುವುದು ಒಂದೇ ಮಾತು: ಇದರಿಂದ ನಿಮಗೆ ಸಿಕ್ಕಿದ್ದೇನು? ಕೈಗೆ ಸಿಕ್ಕಿದ್ದನ್ನಷ್ಟೇ ಎಣಿಸುವುದಾದರೆ ಒಂದು ಡೈರಿ, ಒಂದು ಕ್ಯಾಲೆಂಡರ್, ಬಿಡುವಿದ್ದರೆ ಹೋಗಿ ಕೂರಬಹುದಾದ ಒಂದೆರಡು ವಿಚಾರ ಸಂಕಿರಣಗಳು. ಅಷ್ಟಕ್ಕಾಗಿ ಯಾರೂ ಹಣ ಕೊಡಬೇಕಾಗಿಲ್ಲ ಎಂಬುದನ್ನು ನಾನು ಮೊದಲೇ ಒಪ್ಪಿಕೊಳ್ಳುತ್ತೇನೆ. ನಾನು ಚಂದಾ ಕಟ್ಟುವುದು ಒಬ್ಬನಿಂದ ಆಗದ ಕೆಲಸಗಳಿಗಾಗಿ.

ಅವುಗಳಲ್ಲಿ ಮುಖ್ಯವಾದದ್ದು ಬಾಕಿ ಹಣದ ವಸೂಲಿ. 2006ರ ಎಂ.ಎಸ್.ಎಂ.ಇ. (ಅತಿ ಸಣ್ಣ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ) ಅಭಿವೃದ್ಧಿ ಕಾಯ್ದೆಯ ಪ್ರಕಾರ, ಅತಿ ಸಣ್ಣ ಅಥವಾ ಸಣ್ಣ ಘಟಕದಿಂದ ಸರಕು ಪಡೆದ ಖರೀದಿದಾರನು ಒಪ್ಪಂದದಲ್ಲಿ ಏನೇ ಬರೆದಿದ್ದರೂ 45 ದಿನಗಳೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿಯಾಗಿ ಬೆಳೆಯುತ್ತದೆ. ಬ್ಯಾಂಕ್ ದರ ಶೇ 6 ಎಂದಿಟ್ಟುಕೊಂಡರೆ ಅದು ಶೇ 18. ಕಾನೂನು ಇಷ್ಟು ಗಟ್ಟಿಯಾಗಿದ್ದೂ ನಮ್ಮಲ್ಲಿ ಹೆಚ್ಚಿನವರು ನಾಲ್ಕು ತಿಂಗಳು, ಆರು ತಿಂಗಳು ಸುಮ್ಮನೆ ಕಾಯುತ್ತಾರೆ. ಕಾರಣ ಅಜ್ಞಾನವಲ್ಲ, ಭಯ. ವರ್ಷದ ಮುಕ್ಕಾಲು ಪಾಲು ಕೆಲಸ ಒಂದೇ ಕಂಪನಿಯಿಂದ ಬರುತ್ತಿರುವಾಗ ಆ ಕಂಪನಿಯ ಮೇಲೆ ದೂರು ಕೊಟ್ಟವನಿಗೆ ಮರುದಿನದ ಕೆಲಸದ ಡ್ರಾಯಿಂಗ್ ಬರುವುದಿಲ್ಲ. ನನಗೂ ಒಮ್ಮೆ ಹೀಗೆ ಬಾಕಿ ನಿಂತಿತ್ತು, ಕಾರ್ಮಿಕರ ಸಂಬಳಕ್ಕೆ ಮನೆಯ ಒಡವೆ ಅಡವಿಡಬೇಕಾಯಿತು, ಆದರೂ ಖರೀದಿ ವಿಭಾಗದವರ ಮುಂದೆ ಬಡ್ಡಿಯ ಮಾತೆತ್ತಲು ಬಾಯಿ ಬರಲಿಲ್ಲ. ಆಗ ಸಂಘದ ಪದಾಧಿಕಾರಿಗಳು ಯಾವ ಘಟಕದ ಹೆಸರನ್ನೂ ಹೇಳದೆ, ಹಲವು ಸದಸ್ಯರಿಗೆ ಬಾಕಿ ಇದೆಯೆಂದು ಆ ಕಂಪನಿಗೆ ಪತ್ರ ಬರೆದರು. ಹಣ ಪೂರ್ತಿ ಬರಲಿಲ್ಲ, ಬಡ್ಡಿಯಂತೂ ಬರಲೇ ಇಲ್ಲ. ಆದರೆ ಅಸಲಿನ ದೊಡ್ಡ ಭಾಗ ಬಂದಿತು, ಕೆಲಸವೂ ನಿಲ್ಲಲಿಲ್ಲ.

ಈ ಕಾಯ್ದೆಯ 21ನೇ ಕಲಮನ್ನು ನಮ್ಮವರು ಗಮನವಿಟ್ಟು ಓದಬೇಕೆಂದು ನನ್ನ ಕೋರಿಕೆ. ಬಾಕಿಯ ವ್ಯಾಜ್ಯ ತೀರ್ಮಾನಿಸಲು ರಾಜ್ಯ ಸರ್ಕಾರ ರಚಿಸುವ ಸೌಲಭ್ಯ ಮಂಡಳಿಯಲ್ಲಿ ಕೈಗಾರಿಕಾ ಇಲಾಖೆಯ ಅಧಿಕಾರಿಯೊಂದಿಗೆ ಅತಿ ಸಣ್ಣ ಮತ್ತು ಸಣ್ಣ ಉದ್ದಿಮೆಗಳ ಸಂಘಗಳ ಪ್ರತಿನಿಧಿಗಳೂ ಕೂರಬಹುದೆಂದು ಅದು ಹೇಳುತ್ತದೆ. ತೀರ್ಪು ಕೊಡುವ ಜಾಗದಲ್ಲಿ ಕಾನೂನೇ ನಮಗೊಂದು ಕುರ್ಚಿ ಹಾಕಿದೆ, ಆದರೆ ಅದು ಒಂಟಿ ಮಾಲೀಕನಿಗಾಗಿ ಹಾಕಿದ್ದಲ್ಲ, ಸಂಘಕ್ಕಾಗಿ ಹಾಕಿದ್ದು. ಸಂಘ ಬಡವಾದರೆ ಆ ಕುರ್ಚಿಯಲ್ಲಿ ಕೂರುವವನು ಕಡತ ಓದದೆ ಬಂದು ಹೋಗುತ್ತಾನೆ.

ವಿದ್ಯುತ್ ದರದ ವಿಷಯವೂ ಹೀಗೆಯೇ. 2003ರ ವಿದ್ಯುತ್ ಕಾಯ್ದೆಯ ಪ್ರಕಾರ, ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗವು ಸಾರ್ವಜನಿಕರ ಸಲಹೆ ಮತ್ತು ಆಕ್ಷೇಪಣೆಗಳನ್ನು ಪರಿಗಣಿಸಿದ ಮೇಲೆಯೇ ದರ ನಿಗದಿಪಡಿಸಬೇಕು. ಆದರೆ ನಮಗೆ ವಿದ್ಯುತ್ ಪೂರೈಸುವ ಬೆಸ್ಕಾಂ ಸಲ್ಲಿಸುವ ಅರ್ಜಿಯೆಂದರೆ ಪುಟಗಟ್ಟಲೆ ಕೋಷ್ಟಕಗಳು. ಸೋರಿಕೆ ಎಷ್ಟು, ಸಬ್ಸಿಡಿಯ ಬಾಕಿ ಎಷ್ಟು, ನಿಗದಿತ ಶುಲ್ಕವನ್ನು ಯಾವ ಲೆಕ್ಕದಲ್ಲಿ ಏರಿಸುತ್ತಿದ್ದಾರೆ ಎಂಬುದನ್ನು ಅದರಿಂದ ಹೆಕ್ಕಿ ತೆಗೆಯಲು ಬಲ್ಲವರು ಬೇಕು, ಅವರಿಗೆ ಸಂಭಾವನೆ ಬೇಕು. ಬೆಳಿಗ್ಗೆ ಎಂಟಕ್ಕೆ ಶಟರ್ ಎತ್ತಿ ರಾತ್ರಿ ಎಂಟಕ್ಕೆ ಇಳಿಸುವ ನಾನು ಯಾವಾಗ ಅದನ್ನು ಓದಲಿ? 2023ರ ಮೇ ತಿಂಗಳಲ್ಲಿ ಆಯೋಗವು ಯೂನಿಟ್‌ಗೆ ಸರಾಸರಿ 70 ಪೈಸೆ ಏರಿಸಿತು. ರಾಜ್ಯದ ಕೈಗಾರಿಕಾ ಸಂಘಗಳು ಬಿಡದೆ ಆಕ್ಷೇಪಿಸಿದವು. ಮುಂದಿನ ವರ್ಷದ ಆದೇಶದಲ್ಲಿ ಕೈಗಾರಿಕೆಗಳ ದರ ಇಳಿಯಿತು. ಇಳಿದದ್ದು ಸಂಘಗಳಿಂದಲೇ ಎಂದು ನಾನು ಸಾಧಿಸಲಾರೆ. ಆದರೆ ಆಕ್ಷೇಪಣೆಯೇ ಇಲ್ಲದ ಕಡತದಲ್ಲಿ ಇಳಿಕೆಗೆ ಕಾರಣವನ್ನು ಯಾರೂ ಹುಡುಕಿಕೊಂಡು ಹೋಗುವುದಿಲ್ಲ ಎಂಬುದಂತೂ ನನಗೆ ಖಚಿತ.

ಹಳೆಯ ಮೈಸೂರಿನ ಊರುಗಳಲ್ಲಿ ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುವ ನೀರಗಂಟಿ ಇರುತ್ತಿದ್ದ. ಸುಗ್ಗಿಯಲ್ಲಿ ಪ್ರತಿ ರೈತನೂ ಕಣದಿಂದ ಅವನಿಗೆ ಕಾಳು ಅಳೆದು ಕೊಡುತ್ತಿದ್ದ. ನನ್ನ ಗದ್ದೆಗೆ ನೀರು ಹೇಗೂ ಹರಿದು ಬರುತ್ತದೆ, ಕಾಳು ಯಾಕೆ ಕೊಡಲಿ ಎಂದು ಒಬ್ಬೊಬ್ಬರೇ ಲೆಕ್ಕ ಹಾಕಿದ್ದರೆ ತೂಬಿನ ಬಳಿ ಯಾರೂ ಇರುತ್ತಿರಲಿಲ್ಲ. ಚಂದಾ ಕಟ್ಟದವರಿಗೂ ದರ ಇಳಿಕೆಯ ಲಾಭ ಸಿಗುತ್ತದೆ, ನಿಜ. ಆ ಲಾಭ ಸುಮ್ಮನೆ ಬಂದದ್ದಲ್ಲ, ಅದಕ್ಕೆ ಬೇರೆ ಯಾರೋ ಕಾಳು ಅಳೆದಿದ್ದಾರೆ. 1916ರಲ್ಲಿ ಮೈಸೂರು ಸಂಸ್ಥಾನದ ವಾಣಿಜ್ಯ ಸಂಸ್ಥೆ ಹುಟ್ಟಿದ್ದು ಆಗ ದಿವಾನರಾಗಿದ್ದ ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ. ಸಣ್ಣ ಕೈಗಾರಿಕೆಗಳಿಗೆಂದೇ ಕಾಸಿಯಾ ಎಂಬ ರಾಜ್ಯ ಮಟ್ಟದ ಸಂಘ ಆರಂಭವಾದದ್ದು 1949ರಲ್ಲಿ. ಇಷ್ಟು ವರ್ಷ ಇವುಗಳನ್ನು ನಡೆಸಿಕೊಂಡು ಬಂದದ್ದು ಆಯಾ ಕಾಲದ ಸದಸ್ಯರ ದುಡ್ಡು. ನನ್ನ ಚಂದಾ ಲೋಹ ಕತ್ತರಿಸಲು ಯಂತ್ರಕ್ಕೆ ಸಿಕ್ಕಿಸುವ ಮೊನೆಗಳ, ಅಂದರೆ ಕಾರ್ಬೈಡ್ ಇನ್ಸರ್ಟ್‌ಗಳ, ಒಂದು ಪೆಟ್ಟಿಗೆಯ ಬೆಲೆಯ ಆಸುಪಾಸಿನದು, ಅದನ್ನು ನಾನು ಕಟ್ಟುತ್ತಲೇ ಇರುತ್ತೇನೆ.

ವಿರೋಧ: ಕೊನೆಯ ಗದ್ದೆಗೆ ಬಾರದ ನೀರು

ನೀರಗಂಟಿಯ ಹೋಲಿಕೆ ನನಗೆ ಹಿಡಿಸಿತು, ಅದನ್ನೇ ಹಿಡಿದು ಮುಂದುವರಿಯುತ್ತೇನೆ. ನೀರಗಂಟಿಗೆ ಕಾಳು ಸಿಗುತ್ತಿದ್ದುದು ತೂಬಿನ ಪಕ್ಕದ ಗದ್ದೆಗೆ ಮಾತ್ರವಲ್ಲ, ಕಾಲುವೆಯ ತುದಿಯಲ್ಲಿರುವ ಗದ್ದೆಗೂ ನೀರು ಮುಟ್ಟಿಸಿದ್ದಕ್ಕಾಗಿ. ನೀರು ಬರಲಿಲ್ಲವೆಂದರೆ ಆ ರೈತ ಅವನನ್ನು ಕೆರೆ ಏರಿಯ ಮೇಲೆಯೇ ನಿಲ್ಲಿಸಿ ಕೇಳಬಲ್ಲವನಾಗಿದ್ದ. ನನ್ನದು ನಾಲ್ಕು ಲೇತ್, ಆರು ಜನ ಕೆಲಸಗಾರರ ಶೆಡ್. ಪೀಣ್ಯದಲ್ಲಲ್ಲ, ಬೇರೊಂದು ಕೈಗಾರಿಕಾ ವಸಾಹತಿನಲ್ಲಿ. ಎರಡು ವರ್ಷ ಸಂಘವೊಂದರ ಸದಸ್ಯನಾಗಿದ್ದು, ಮೂರನೆಯ ವರ್ಷ ಚಂದಾ ನಿಲ್ಲಿಸಿದೆ. ಹಣ ಉಳಿಸುವ ಆಸೆ ಅದರ ಹಿಂದೆ ಇರಲಿಲ್ಲ. ನನ್ನ ಮಾತು ಅಲ್ಲಿ ಯಾರದ್ದೂ ಆಗಲಿಲ್ಲ ಎಂಬುದೇ ಕಾರಣ.

ಮೊದಲಿಗೆ, ‘ಸಣ್ಣ’ ಎಂಬ ಪದವನ್ನೇ ನೋಡೋಣ. 2020ರ ವ್ಯಾಖ್ಯೆಯ ಪ್ರಕಾರ ಸಣ್ಣ ಉದ್ದಿಮೆಯೆಂದರೆ ಹೂಡಿಕೆ 10 ಕೋಟಿ, ವಹಿವಾಟು 50 ಕೋಟಿ ರೂಪಾಯಿಯವರೆಗಿನದು. 2025ರ ಏಪ್ರಿಲ್ 1ರಿಂದ ಆ ಮಿತಿ 25 ಕೋಟಿ ಹೂಡಿಕೆ ಮತ್ತು 100 ಕೋಟಿ ವಹಿವಾಟಿಗೆ ಏರಿದೆ. ನನ್ನಂಥವನನ್ನು ಸೇರಿಸುವ ಅತಿ ಸಣ್ಣ ವರ್ಗದ ಮಿತಿಯೂ 1 ಕೋಟಿ ಹೂಡಿಕೆಯಿಂದ ಎರಡೂವರೆ ಕೋಟಿಗೆ, 5 ಕೋಟಿ ವಹಿವಾಟಿನಿಂದ 10 ಕೋಟಿಗೆ ಹೋಗಿದೆ. ವರ್ಷಕ್ಕೆ 90 ಕೋಟಿ ವಹಿವಾಟು ನಡೆಸುವವರೂ ನಾನೂ ಒಂದೇ ಸಂಘದಲ್ಲಿ ಸಣ್ಣ ಕೈಗಾರಿಕೆಯವರೆಂದು ಕೂತಿರುವಾಗ ಅವರಿಗೆ ಬೇಕಾದದ್ದು ರಫ್ತಿನ ಪ್ರೋತ್ಸಾಹ ಮತ್ತು ಜಮೀನು, ನನಗೆ ಬೇಕಾದದ್ದು ಬೀದಿಯ ಚರಂಡಿ ಮತ್ತು ಬಾಡಿಗೆ ಶೆಡ್ಡಿನ ಭದ್ರತೆ. ಕಾರ್ಯಕಾರಿ ಸಮಿತಿಯ ಸಭೆ ವಾರದ ದಿನ, ಹಗಲು ಹೊತ್ತಿನಲ್ಲಿ. ಫ್ಯಾಕ್ಟರಿ ನೋಡಿಕೊಳ್ಳಲು ಮ್ಯಾನೇಜರ್ ಇರುವವನಿಗೆ ಮಾತ್ರ ಅಲ್ಲಿಗೆ ಹೋಗಲು ಸಾಧ್ಯ. ಯಾರೂ ಕೇಡು ಬಗೆದು ಹೀಗೆ ಮಾಡಿದ್ದಲ್ಲ, ಆದರೆ ಫಲ ಒಂದೇ.

ಬಾಕಿ ಹಣದ ವಿಷಯದಲ್ಲಿ ನನ್ನ ಅನುಭವ ಪೀಣ್ಯದ ಹಿರಿಯರ ಅನುಭವಕ್ಕೆ ತದ್ವಿರುದ್ಧ. ನನಗೆ ಹಣ ಕೊಡಬೇಕಾಗಿದ್ದ ಕಂಪನಿಯ ಪಾಲುದಾರರೊಬ್ಬರು ನಾನಿದ್ದ ಸಂಘದ ಉಪಸಮಿತಿಯಲ್ಲೇ ಇದ್ದರು. ಸರಬರಾಜು ಮಾಡುವವರೂ ಖರೀದಿಸುವವರೂ ಒಂದೇ ಸೂರಿನಡಿ ಸದಸ್ಯರಾಗಿದ್ದರೆ ಆ ಸಂಘ ಬಾಕಿಯ ಪ್ರಶ್ನೆಯನ್ನು ಎಷ್ಟು ಗಟ್ಟಿಯಾಗಿ ಎತ್ತಬಲ್ಲದು? ನನಗೆ ಸಿಕ್ಕಿದ ಸಲಹೆ, ಸ್ವಲ್ಪ ತಾಳಿಕೊಳ್ಳಿ, ನಾವು ಮಾತನಾಡುತ್ತೇವೆ ಎಂಬುದು. ಹದಿನಾಲ್ಕು ತಿಂಗಳು ತಾಳಿಕೊಂಡೆ. 2024ರ ಏಪ್ರಿಲ್‌ನಿಂದ 1961ರ ಆದಾಯ ತೆರಿಗೆ ಕಾಯ್ದೆಯ 43ಬಿ(ಎಚ್) ನಿಯಮ ಜಾರಿಗೆ ಬಂದು, ಅತಿ ಸಣ್ಣ ಮತ್ತು ಸಣ್ಣ ಘಟಕಗಳಿಗೆ ಗಡುವಿನೊಳಗೆ ಹಣ ಕೊಡದ ಖರೀದಿದಾರ ಆ ಖರ್ಚನ್ನು ನಿಜವಾಗಿ ಪಾವತಿಸಿದ ವರ್ಷದ ತೆರಿಗೆ ಲೆಕ್ಕದಲ್ಲಷ್ಟೇ ತೋರಿಸಿಕೊಳ್ಳಬಹುದೆಂದಾಯಿತು. ಅದರ ನಂತರ ನನ್ನ ಬೇರೆ ಇಬ್ಬರು ಗಿರಾಕಿಗಳು ಮಾರ್ಚ್ ಮುಗಿಯುವ ಮೊದಲು ತಾವಾಗಿಯೇ ಲೆಕ್ಕ ಚುಕ್ತಾ ಮಾಡಿದರು. ನನ್ನ ಮಟ್ಟಿಗೆ ಪತ್ರಕ್ಕಿಂತ ತೆರಿಗೆಯ ಹೆದರಿಕೆ ಹೆಚ್ಚು ಕೆಲಸ ಮಾಡಿತು.

ಹಿಂದೆ ಸಂಘದ ಕಚೇರಿಯಿಲ್ಲದೆ ಆಗದಿದ್ದ ಎಷ್ಟೋ ಕೆಲಸಗಳು ಈಗ ಮೊಬೈಲ್‌ನಲ್ಲೇ ಮುಗಿಯುತ್ತವೆ. ಇಂಥ ಉದ್ದಿಮೆಗಳಿಗೆ 2020ರ ಜುಲೈನಿಂದ ಇರುವ ಸರ್ಕಾರಿ ‘ಉದ್ಯಮ್’ ನೋಂದಣಿಗೆ ಶುಲ್ಕವಿಲ್ಲ. ಬಾಕಿಯ ದೂರನ್ನು ಕೇಂದ್ರ ಸರ್ಕಾರದ ಜಾಲತಾಣದಲ್ಲಿ ನಾವೇ ದಾಖಲಿಸಬಹುದು. ವಿದ್ಯುತ್ ಆಯೋಗದ ವಿಚಾರಣೆಗೂ ಯಾವ ಗ್ರಾಹಕನಾದರೂ ಹೋಗಿ ಮಾತನಾಡಬಹುದು. ಕೋಷ್ಟಕಗಳನ್ನು ಓದಲು ಬಲ್ಲವರು ಬೇಕೆಂಬ ಮಾತು ಸರಿ, ಅಲ್ಲಿ ನನ್ನ ಬಳಿ ಪೂರ್ಣ ಉತ್ತರವಿಲ್ಲ. ಆದರೆ 2023ರ ದರ ಏರಿಕೆಯ ವಿರುದ್ಧ ಆ ಜೂನ್‌ನಲ್ಲಿ ಬಂದ್‌ಗೆ ಕರೆ ಬಂದಾಗ, ಒಂದು ದಿನ ಯಂತ್ರ ನಿಲ್ಲಿಸುವ ಹೊರೆ 90 ಕೋಟಿಯವರಿಗೂ ನಾಲ್ಕು ಲೇತಿನವನಿಗೂ ಒಂದೇ ಆಗಿರಲಿಲ್ಲ. ಅದನ್ನು ಕರೆ ಕೊಡುವ ಮೊದಲು ಯಾರೂ ನನ್ನಂಥವರನ್ನು ಕೇಳಲಿಲ್ಲ.

ಇನ್ನೊಂದು ಅಪಾಯವನ್ನು ಹೇಳದೆ ಬಿಡಲಾರೆ. ಗಂಟೆಗೆ ಇಷ್ಟೇ ಯಂತ್ರದ ದರ, ಅದಕ್ಕಿಂತ ಕಡಿಮೆಗೆ ಯಾರೂ ಕೆಲಸ ಹಿಡಿಯಬಾರದು ಎಂಬ ಮಾತು ನಮ್ಮ ಸಭೆಯಲ್ಲಿ ಒಮ್ಮೆ ಬಂದಿತು. ಎಲ್ಲರೂ ಸೇರಿ ಒಳ್ಳೆಯದನ್ನೇ ಮಾಡುತ್ತಿದ್ದೇವೆಂಬ ಭಾವನೆ ಅಲ್ಲಿತ್ತು. 2002ರ ಸ್ಪರ್ಧಾ ಕಾಯ್ದೆಯ 3ನೇ ಕಲಮಿನ ಅಡಿಯಲ್ಲಿ ಸಂಘದ ಮೂಲಕ ಹೀಗೆ ಬೆಲೆ ನಿಗದಿ ಮಾಡಿಕೊಳ್ಳುವುದು ತಪ್ಪು. ಡಬ್ಬಿಂಗ್ ತಡೆದ ಪ್ರಕರಣದಲ್ಲಿ 2015ರಲ್ಲಿ ಸ್ಪರ್ಧಾ ಆಯೋಗವು ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೆ ದಂಡ ವಿಧಿಸಿದ್ದು ನಮ್ಮ ರಾಜ್ಯದಲ್ಲೇ. ಕೈ ಎತ್ತಿ ಒಪ್ಪಿಗೆ ಸೂಚಿಸಿದ ಸದಸ್ಯನೂ ಹೊಣೆಯಿಂದ ಪೂರ್ತಿ ತಪ್ಪಿಸಿಕೊಳ್ಳಲಾರ.

ಸಂಘವೇ ಬೇಡವೆಂದು ನಾನು ಹೇಳುತ್ತಿಲ್ಲ. ಅತಿ ಸಣ್ಣ ಘಟಕಗಳಿಗೆ ಕಾರ್ಯಕಾರಿ ಸಮಿತಿಯಲ್ಲಿ ಮೀಸಲು ಸ್ಥಾನ, ಭಾನುವಾರ ಸಭೆ, ಸದಸ್ಯರ ಬಾಕಿಗಾಗಿ ವರ್ಷದಲ್ಲಿ ಎಷ್ಟು ಪತ್ರ ಬರೆದರು, ಎಷ್ಟು ಹಣ ಬಂತು ಎಂಬ ಲೆಕ್ಕ ಮಹಾಸಭೆಯ ವರದಿಯಲ್ಲಿ, ಇಷ್ಟಾದರೆ ಮರುದಿನವೇ ಚಂದಾ ಕಟ್ಟುತ್ತೇನೆ. ಸದ್ಯಕ್ಕೆ ಆ ಹಣಕ್ಕೆ ಇನ್ನಷ್ಟು ಸೇರಿಸಿ ವಕೀಲರೊಬ್ಬರಿಗೆ ಕೊಟ್ಟು ಸೌಲಭ್ಯ ಮಂಡಳಿಯ ಮುಂದೆ ಅರ್ಜಿ ಹಾಕಿದ್ದೇನೆ. ತೊಂಬತ್ತು ದಿನಗಳಲ್ಲಿ ತೀರ್ಮಾನವಾಗಬೇಕೆಂದು ಕಾಯ್ದೆ ಹೇಳುತ್ತದೆ. ಅದು ದಾಟಿ ಐದು ತಿಂಗಳಾಯಿತು, ಮುಂದಿನ ವಿಚಾರಣೆಗೆ ದಿನಾಂಕ ಕೊಟ್ಟಿದ್ದಾರೆ.