ವೇದಾವತಿಗೆ ಜೀವ ಬಂತು ಅನ್ನುವ ಮುಂಚೆ

2022ರ ಸೆಪ್ಟೆಂಬರಿನಲ್ಲಿ ಮಾರಿಕಣಿವೆ, ಅಂದರೆ ನಮ್ಮ ವೇದಾವತಿ ಹೊಳೆಗೆ ಕಟ್ಟಿದ ವಾಣಿವಿಲಾಸ ಸಾಗರ ಅಣೆಕಟ್ಟೆ, ಕೋಡಿ ಬಿದ್ದಾಗ ಅಪ್ಪನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗಿದ್ದೆ. 1933ರ ಕೋಡಿ ನೋಡಿದ್ದು ಅಜ್ಜ. ಅಪ್ಪ ಅದನ್ನು ಕಥೆಯಾಗಿ ಕೇಳಿದ್ದರು, ಅಷ್ಟೇ. 89 ವರ್ಷ! ನೀರು ಧುಮ್ಮಿಕ್ಕುವುದನ್ನು ನೋಡುತ್ತಾ ಅವರು ಕೈಮುಗಿದವರು ಎಷ್ಟೋ ಹೊತ್ತು ಕೈ ಇಳಿಸಲೇ ಇಲ್ಲ. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ಎಲ್ಲರೂ ‘ವೇದಾವತಿಗೆ ಜೀವ ಬಂತು’ ಅಂದರು. ನನಗೂ ಖುಷಿಯೇ. ಆದರೆ ಆ ಮಾತು ಒಪ್ಪಲಾರೆ.

ಬಾಬಾಬುಡನ್‌ಗಿರಿಯ ಮೂಡಣ ಇಳಿಜಾರಿನಲ್ಲಿ ಹುಟ್ಟುವ ವೇದಾ, ಆವತಿ ಎಂಬ ಎರಡು ಹಳ್ಳಗಳು ಸೇರಿ ನಮ್ಮ ಹೊಳೆ ಆಗುವುದು. ವೇದಾ ಅಯ್ಯನಕೆರೆ ತುಂಬಿಸಿ ಬರುತ್ತಾಳೆ, ಆವತಿ ಮದಗದ ಕೆರೆ ತುಂಬಿಸಿ ಬರುತ್ತಾಳೆ, ಕಡೂರಿನ ಹತ್ತಿರ ಇಬ್ಬರೂ ಒಂದಾಗುತ್ತಾರೆ. ಅಲ್ಲಿಂದ ಮುಂದೆ ಎಲ್ಲ ಬಯಲುಸೀಮೆ. ಹೊಸದುರ್ಗ ದಾಟಿ ಎರಡು ಗುಡ್ಡಗಳ ನಡುವಿನ ಕಣಿವೆಗೆ ಬಂದರೆ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ, ತುಂಬಿದ ಮಟ್ಟ 130 ಅಡಿ, ಹಿಡಿಯುವ ನೀರು 30 ಟಿಎಂಸಿ. ಹಿರಿಯೂರಿನ ಕೆಳಗೆ ಸುವರ್ಣಮುಖಿ ಸೇರುತ್ತಾಳೆ. ಚಳ್ಳಕೆರೆ ಸೀಮೆ ಹಾದು ಆಂಧ್ರಕ್ಕೆ ಹೋಗಿ ಭೈರವಾನಿತಿಪ್ಪದಲ್ಲಿ ಇನ್ನೊಂದು ಅಣೆಕಟ್ಟೆಗೆ ಸಿಕ್ಕಿ, ಹಗರಿ ಎಂಬ ಹೆಸರಲ್ಲಿ ಬಳ್ಳಾರಿಗೆ ವಾಪಸು ಬರುತ್ತಾಳೆ. ಸಿರುಗುಪ್ಪ ತಾಲ್ಲೂಕಿನ ಹಳೇಕೋಟೆ ಹತ್ತಿರ ತುಂಗಭದ್ರೆಗೆ ಸೇರುವ ಹೊತ್ತಿಗೆ ಸುಮಾರು 390 ಕಿಲೋಮೀಟರು. ಇಷ್ಟು ದೂರದ ಹೊಳೆಗೆ ಶಾಲೆಯಲ್ಲಿ ನಮಗೆ ಕಲಿಸಿದ್ದು ‘ತುಂಗಭದ್ರೆಯ ಉಪನದಿ’ ಎಂಬ ಒಂದೇ ಸಾಲು.

ಈಗ ಭದ್ರಾ ಮೇಲ್ದಂಡೆ ಯೋಜನೆಯಿಂದ ಭದ್ರೆಯ ನೀರನ್ನು ಮೇಲೆತ್ತಿ, ಅಜ್ಜಂಪುರದ ಸುರಂಗದಲ್ಲಿ ಹರಿಸಿ, ವೇದಾವತಿಗೆ ಬಿಡುತ್ತಾರೆ. ನಕ್ಷೆ ಬಿಡಿಸಿ ನೋಡಿದರೆ ಆಶ್ಚರ್ಯವಾಗುತ್ತದೆ. ಕೂಡ್ಲಿಯಲ್ಲಿ ತುಂಗೆಯನ್ನು ಸೇರಿ, ಹಂಪಿ ದಾಟಿದ ಮೇಲಷ್ಟೇ ವೇದಾವತಿಯನ್ನು ಕಾಣಬೇಕಿದ್ದ ಭದ್ರೆ ಈಗ ಅವಳ ತವರಿನ ಹತ್ತಿರವೇ ಬಂದು ಸೇರುತ್ತಿದ್ದಾಳೆ! ಇದರಿಂದ ನಮ್ಮ ಅಡಿಕೆ, ತೆಂಗು ಉಳಿದವು, ಕುಡಿಯುವ ನೀರು ಸಿಕ್ಕಿತು. ಯೋಜನೆ ಬೇಡ ಅನ್ನುವ ಮನುಷ್ಯ ನಾನಲ್ಲ.

ಆದರೆ ತುಂಬಿದ್ದು ಡ್ಯಾಮು, ಹೊಳೆಯಲ್ಲ. ನಾನು ಹುಡುಗನಾಗಿದ್ದಾಗ ಬೇಸಿಗೆಯಲ್ಲಿ ಹೊಳೆಯ ಮರಳು ಬಗೆದರೆ ಮೊಣಕೈ ಆಳದಲ್ಲಿ ಒರತೆ ಸಿಗುತ್ತಿತ್ತು. ಅಮ್ಮ ತಂಬಿಗೆಯಲ್ಲಿ ಮೊಗೆದು ಬಟ್ಟೆಯಲ್ಲಿ ಸೋಸಿ ಕೊಡ ತುಂಬುತ್ತಿದ್ದಳು. ಆ ಮರಳು ಲಾರಿಗಳಲ್ಲಿ ಹೋಯಿತು. ಅದೇ ಜಾಗದಲ್ಲಿ ಈಗ ಜಾಲಿ ಬೆಳೆದಿದೆ, ತಳದ ಜೇಡಿ ಬಾಯಿಬಿಟ್ಟಿದೆ. ಮರಳೇ ನಮ್ಮ ಹೊಳೆಯ ಹೊಟ್ಟೆ. ಬಯಲುಸೀಮೆಯ ಹೊಳೆ ಮೇಲೆ ಒಣಗಿದ್ದರೂ ಒಳಗೆ ಹರಿಯುತ್ತಿರುತ್ತದೆ, ಅಕ್ಕಪಕ್ಕದ ಬಾವಿಗಳಿಗೆ ನೀರು ಹಾಯಿಸುತ್ತದೆ. ಮರಳು ಹೋದ ಮೇಲೆ ಮೇಲಿಂದ ಎಷ್ಟು ಟಿಎಂಸಿ ಬಿಟ್ಟರೂ ಅದನ್ನು ಹಿಡಿದಿಟ್ಟುಕೊಳ್ಳುವುದು ಯಾವುದು?

ನಾನು ಕೇಳುವುದು ಎರಡೇ. ಮರಳು ತೆಗೆಯುವುದನ್ನು ಪೂರ್ತಿ ನಿಲ್ಲಿಸಿ. ಮತ್ತು ಪ್ರತಿ ವರ್ಷ ಕಾಲುವೆಗೆ ಬಿಟ್ಟ ಹಾಗೆ ಹೊಳೆಯ ಪಾತ್ರಕ್ಕೂ ಒಂದು ಪಾಲು ಬಿಡಿ, ಅದು ಹಕ್ಕಿನ ಪಾಲಾಗಿರಲಿ. ಇದನ್ನು ಹಿರಿಯೂರಿನವನಾಗಿಯೇ ಹೇಳುತ್ತಿದ್ದೇನೆ, ನಮ್ಮೂರಲ್ಲಿ ಕೆಲವರಿಗೆ ಹಿಡಿಸುವುದಿಲ್ಲ ಎಂದು ಗೊತ್ತಿದ್ದೂ. ಮುಂದಿನ ಸಲ ಬಾಗಿನ ಬಿಡಲು ಬರುವವರು ಅಣೆಕಟ್ಟೆ ಬಳಿಯ ಕಣಿವೆ ಮಾರಮ್ಮನಿಗೆ ಕೈಮುಗಿದ ಮೇಲೆ ಹೊಳೆಯ ಕೆಳಗಿನ ಪರಶುರಾಂಪುರದ ಕಡೆಗೂ ಗಾಡಿ ತಿರುಗಿಸಿ, ಹೊಳೆಗಿಳಿದು ಒಂದು ಗೇಣು ಮರಳು ಬಗೆದು ನೋಡಿ.